ನೆರಳು ನೋಡಿ ನಕಲಿ ಫೋಟೊ ಹಿಡಿಯಬಹುದೇ?

ಎಐ ಬಳಸಿ ತಯಾರಿಸಿದ ಚಿತ್ರ, ವಿಡಿಯೊಗಳ ಮೇಲೆ ಅದು ಎಐ ಎಂಬ ಗುರುತು ಇರಲೇಬೇಕು ಎನ್ನುವ ಕೇಂದ್ರದ ನಿಯಮ 2026ರ ಫೆಬ್ರುವರಿ 20ರಿಂದ ಜಾರಿಯಲ್ಲಿದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವ ಸಲಹೆ ಮಾತ್ರ ಬೇರೆಯೇ: ‘ಬೆರಳು ಎಣಿಸಿ, ಎರಡೂ ಕಿವಿಯೋಲೆ ಒಂದೇ ಥರ ಇವೆಯಾ ನೋಡಿ, ನೆರಳು ಯಾವ ಕಡೆ ಬಿದ್ದಿದೆ ಗಮನಿಸಿ, ನಕಲಿ ತಾನಾಗಿ ಸಿಕ್ಕಿಬೀಳುತ್ತದೆ.’

ಬೆರಳು ಎಣಿಸುವ ಕಾಲ ಬಹುಮಟ್ಟಿಗೆ ಮುಗಿಯಿತು; ಈಗಿನ ತಂತ್ರಾಂಶಗಳು ಐದೇ ಬೆರಳು ಬಿಡಿಸುವುದನ್ನು ಕಲಿತಿವೆ. ಉಳಿದದ್ದು ನೆರಳು. ಗೊಂದಲ ಇರುವುದೂ ಅಲ್ಲೇ. ನೆರಳು ತಪ್ಪಿದ್ದರೆ ನಮಗೇ ಕಾಣುವಂತಿದ್ದರೆ ಈ ಕಾನೂನು ಯಾಕೆ ಬೇಕಿತ್ತು? ಕಾಣುವುದಿಲ್ಲ ಎನ್ನುವುದಾದರೆ, ಹುಟ್ಟಿದಂದಿನಿಂದ ನೆರಳು ನೋಡುತ್ತಲೇ ಬಂದ ಕಣ್ಣಿಗೆ ಅದು ಯಾಕೆ ಕಾಣದು?

ಈ ಕೊನೆಯ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಮನಶ್ಶಾಸ್ತ್ರಜ್ಞರಿದ್ದಾರೆ, ಕಂಪ್ಯೂಟರ್ ಗ್ರಾಫಿಕ್ಸ್‌ನವರಿದ್ದಾರೆ, ನರವಿಜ್ಞಾನಿಗಳಿದ್ದಾರೆ, ಚಿತ್ರಕಲೆಯನ್ನು ಅಧ್ಯಯನ ಮಾಡುವವರೂ ಇದ್ದಾರೆ. ಬೆಳಕು, ಆಕಾರ, ವಸ್ತು ಈ ಮೂರನ್ನು ಕಣ್ಣು ಹೇಗೆ ಬೇರ್ಪಡಿಸಿಕೊಳ್ಳುತ್ತದೆ ಎಂಬುದು ಅವರೆಲ್ಲರಿಗೂ ಸೇರಿದ ಸಮಸ್ಯೆ. ಅವರಿಗೆ ಸಿಕ್ಕ ಉತ್ತರ ಸ್ವಲ್ಪ ಮುಜುಗರದ್ದು. ಕಣ್ಣು ನೆರಳನ್ನು ಬಳಸಿಕೊಳ್ಳುತ್ತದೆ, ಆದರೆ ಅದನ್ನು ತಪಾಸಣೆ ಮಾಡುವುದಿಲ್ಲ.

ನಿಯಮದಲ್ಲಿ ಏನಿದೆ

2025ರ ಅಕ್ಟೋಬರ್ 22ರಂದು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಹೊರಡಿಸಿದ ಕರಡಿನಲ್ಲಿ, ಎಐ ಗುರುತು ಚಿತ್ರದ ಕನಿಷ್ಠ ಶೇ 10ರಷ್ಟು ಜಾಗದಲ್ಲಿ ಇರಬೇಕು ಎಂದಿತ್ತು. 2026ರ ಫೆಬ್ರುವರಿ 10ರ ಅಧಿಸೂಚನೆಯಲ್ಲಿ ಆ ಅಳತೆ ಹೋಯಿತು. ಗುರುತು ಎದ್ದು ಕಾಣಬೇಕು ಎಂಬ ಮಾತು ಉಳಿಯಿತು. ಜೊತೆಗೆ, ತಾಂತ್ರಿಕವಾಗಿ ಸಾಧ್ಯವಿರುವ ಮಟ್ಟಿಗೆ ಫೈಲಿನ ಒಳಗೂ ಅದರ ಮೂಲ ತಿಳಿಸುವ ಮಾಹಿತಿ ಸೇರಿಸಬೇಕು. ಕೋರ್ಟಿನ ಆದೇಶ ಅಥವಾ ಸರ್ಕಾರದ ಸೂಚನೆ ಬಂದರೆ ವಿಷಯ ತೆಗೆದುಹಾಕಲು ಜಾಲತಾಣಗಳಿಗೆ ಮೊದಲು 36 ಗಂಟೆ ಇತ್ತು, ಈಗ 3 ಗಂಟೆ. ಬಣ್ಣ ಸರಿಮಾಡುವುದು, ಫೈಲ್ ಕುಗ್ಗಿಸುವುದು ಮುಂತಾದ ಮಾಮೂಲಿ ತಿದ್ದುಪಡಿಯನ್ನು ಸದುದ್ದೇಶದಿಂದ ಮಾಡಿದ್ದರೆ, ಅದರಿಂದ ಚಿತ್ರದ ಅರ್ಥ ಬದಲಾಗದಿದ್ದರೆ ಗುರುತು ಬೇಕಿಲ್ಲ.

ಕಾನೂನಿನ ಹಿಂದಿರುವ ಎಣಿಕೆ ಸರಳ: ನೋಡುಗ ತಾನಾಗಿ ಪತ್ತೆ ಮಾಡಲಾರ. ಈ ಎಣಿಕೆ ಸರಿಯೇ?

ಒಂದೇ ಲೆಕ್ಕ, ಮೂರು ಕಾರಣ

ಒಂದು ಬಿಳಿ ಹಾಳೆ, ಒಂದು ಕಪ್ಪು ಹಾಳೆ ತೆಗೆದುಕೊಳ್ಳಿ. ಬಿಳಿ ಹಾಳೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 85ನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಹಾಳೆ ಸುಮಾರು ಶೇ 4ನ್ನು. ಬಿಳಿ ಹಾಳೆಯನ್ನು ಮನೆಯೊಳಗೆ ಟ್ಯೂಬ್‌ಲೈಟಿನ ಕೆಳಗಿಡಿ; ಅಲ್ಲಿ ಬೆಳಕು 200 ಲಕ್ಸ್ (ಬೀಳುವ ಬೆಳಕಿನ ಅಳತೆ) ಇದೆ ಎಂದುಕೊಳ್ಳೋಣ. ಕಪ್ಪು ಹಾಳೆಯನ್ನು ಮಟಮಟ ಮಧ್ಯಾಹ್ನದ ಅಂಗಳದಲ್ಲಿಡಿ. ಅಲ್ಲಿ ಸುಮಾರು 1,00,000 ಲಕ್ಸ್. ಗುಣಿಸಿದರೆ ಬಿಳಿ ಹಾಳೆಯ ಪಾಲಿಗೆ 170, ಕಪ್ಪು ಹಾಳೆಯ ಪಾಲಿಗೆ 4,000. ಅಂದರೆ ಬಿಸಿಲಿನ ಕಪ್ಪು ಹಾಳೆಯಿಂದ ಕಣ್ಣಿಗೆ ಬರುವ ಬೆಳಕು ಒಳಗಿನ ಬಿಳಿ ಹಾಳೆಯಿಂದ ಬರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದರೂ ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಬಿಳಿ ಬಿಳಿಯಾಗಿಯೇ.

ಹಾಗಾದರೆ ಕಣ್ಣು ಅಳೆಯುತ್ತಿರುವುದು ಬೆಳಕನ್ನಲ್ಲ. ಅಕ್ಷಿಪಟಲದ ಮೇಲಿನ ಪ್ರತಿ ಚುಕ್ಕೆಗೆ ತಲುಪುವುದು ಒಂದು ಗುಣಲಬ್ಧ ಮಾತ್ರ: ಬಿದ್ದ ಬೆಳಕೆಷ್ಟು, ಮೇಲ್ಮೈ ಯಾವ ಕಡೆ ವಾಲಿದೆ, ವಸ್ತು ಎಷ್ಟನ್ನು ಹಿಂದಕ್ಕೆ ಕಳಿಸುತ್ತದೆ. 24 ಎಂಬ ಉತ್ತರ ಕೊಟ್ಟು, ಇದು ಯಾವ ಮೂರು ಅಂಕಿಗಳನ್ನು ಗುಣಿಸಿದ್ದು ಎಂದು ಕೇಳಿದ ಹಾಗೆ. 1×4×6 ಇರಬಹುದು, 2×3×4 ಇರಬಹುದು, 2×2×6 ಕೂಡ ಇರಬಹುದು. ಲೆಕ್ಕದ ಮೇಷ್ಟ್ರು ಈ ಪ್ರಶ್ನೆಯೇ ತಪ್ಪು ಎನ್ನುತ್ತಾರೆ. ಮಿದುಳು ಮಾತ್ರ ಇದನ್ನು ಎಚ್ಚರವಿರುವಷ್ಟು ಹೊತ್ತೂ ಬಿಡಿಸುತ್ತಿರುತ್ತದೆ, ಊಹೆಗಳ ಬಲದಿಂದ. 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು ಅರಿವಿಗೆ ಬಾರದ ಅನುಮಾನ ಎಂದು ಕರೆದ. ತರ್ಕಶಾಸ್ತ್ರದವರು ಹೊಗೆ ಕಂಡು ಬೆಂಕಿ ಊಹಿಸುವುದನ್ನು ಹೇಳುತ್ತಾರಲ್ಲ, ಆ ಅರ್ಥದ ಅನುಮಾನ.

ಊಹೆ ಕೈಕೊಡುವ ಜಾಗಗಳು

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎಡ್ವರ್ಡ್ ಆಡೆಲ್ಸನ್ 1995ರಲ್ಲಿ ಬಿಡಿಸಿದ ಚದುರಂಗದ ಹಾಸಿನ ಚಿತ್ರವನ್ನು ಅನೇಕರು ನೋಡಿರಬಹುದು. ಹಸಿರು ಸಿಲಿಂಡರಿನ ನೆರಳು ಹಾಸಿನ ಮೇಲೆ ಬಿದ್ದಿದೆ. ನೆರಳಿನ ಹೊರಗಿನ ಒಂದು ‘ಕಪ್ಪು’ ಮನೆ, ನೆರಳಿನೊಳಗಿನ ಒಂದು ‘ಬಿಳಿ’ ಮನೆ: ಎರಡರದ್ದೂ ಒಂದೇ ಬೂದು. ಸುತ್ತಲಿನದನ್ನು ಕೈಯಿಂದ ಮುಚ್ಚಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಕೈ ತೆಗೆದ ಕೂಡಲೇ ಮತ್ತೆ ಬೇರೆ ಬೇರೆ. ನೆರಳಿನೊಳಗೆ ಬೆಳಕು ಕಡಿಮೆ ಎಂದು ಲೆಕ್ಕ ಹಾಕಿ ಮಿದುಳು ಅಷ್ಟನ್ನು ಮನ್ನಾ ಮಾಡುತ್ತದೆ. ಇದನ್ನು ಕಣ್ಣಿನ ದೋಷ ಎನ್ನುವುದು ಅನ್ಯಾಯ. ಈ ಮನ್ನಾ ಇಲ್ಲದಿದ್ದರೆ ಮರದಡಿ ನಡೆಯುವ ಹಸುವಿನ ಬಣ್ಣ ಹೆಜ್ಜೆಹೆಜ್ಜೆಗೂ ಬದಲಾಗುತ್ತಿತ್ತು.

ಮನ್ನಾ ಎಷ್ಟು ಎಂಬುದರಲ್ಲಿ ಜನ ಒಮ್ಮತಕ್ಕೆ ಬರಲಿಲ್ಲ ಎಂದರೆ ಏನಾಗುತ್ತದೆ ಎಂದು 2015ರ ಫೆಬ್ರುವರಿಯಲ್ಲಿ ಜಗತ್ತು ನೋಡಿತು. ಒಂದೇ ಉಡುಪಿನ ಫೋಟೊ ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನ. 1,401 ಜನರನ್ನು ಕೇಳಿದ ಅಧ್ಯಯನವೊಂದರಲ್ಲಿ ಶೇ 57 ಮಂದಿ ನೀಲಿ-ಕಪ್ಪು ಎಂದರು, ಶೇ 30 ಮಂದಿ ಬಿಳಿ-ಚಿನ್ನ, ಶೇ 11 ಮಂದಿ ನೀಲಿ-ಕಂದು. ಉಡುಪು ನಿಜಕ್ಕೂ ನೀಲಿ-ಕಪ್ಪು. ಫೋಟೊದಲ್ಲಿ ಬೆಳಕು ಎಲ್ಲಿಂದ ಬಂತು, ಎಂಥದ್ದು ಎಂಬ ಸುಳಿವು ಇರಲಿಲ್ಲ. ಉಡುಪು ನೀಲಿಛಾಯೆಯ ನೆರಳಿನಲ್ಲಿದೆ ಎಂದುಕೊಂಡವರು ನೀಲಿಯನ್ನು ಕಳೆದರು, ಅವರಿಗೆ ಬಿಳಿ ಉಳಿಯಿತು. ಹಳದಿ ದೀಪದಡಿ ಇದೆ ಎಂದುಕೊಂಡವರು ಹಳದಿಯನ್ನು ಕಳೆದರು, ಅವರಿಗೆ ನೀಲಿ ಉಳಿಯಿತು.

ಆಕಾರದ ವಿಷಯದಲ್ಲಿ ಇನ್ನೊಂದು ಊಹೆ: ಬೆಳಕು ಮೇಲಿನಿಂದ ಬರುತ್ತದೆ. ಸೂರ್ಯ ತಲೆಯ ಮೇಲಿರುವ ಗ್ರಹದಲ್ಲಿ ಇದು ಒಳ್ಳೆಯ ಊಹೆಯೇ. ಕಲ್ಲಿನಲ್ಲಿ ಕೊರೆದ ಶಾಸನದ ಫೋಟೊವನ್ನು ತಲೆಕೆಳಗು ಮಾಡಿ ನೋಡಿ: ತಗ್ಗಾದ ಅಕ್ಷರ ಉಬ್ಬಿದ ಹಾಗೆ ಕಾಣತೊಡಗುತ್ತದೆ. ಮರಳಿನ ಮೇಲಿನ ಹೆಜ್ಜೆಗುರುತಿಗೂ ಇದೇ ಗತಿ. ಸವೆದ ಶಾಸನ ಓದುವವರು ಈ ಗುಣವನ್ನು ಪಳಗಿಸಿಕೊಂಡಿದ್ದಾರೆ. ನಡುಹಗಲಿನ ನೇರ ಬೆಳಕಿನಲ್ಲಿ ಬರಿಯ ಕಲ್ಲಷ್ಟೇ ಕಾಣುವಾಗ, ಸಂಜೆಯ ಓರೆಬಿಸಿಲು ಅಥವಾ ಕಲ್ಲಿಗೆ ಒತ್ತಿಹಿಡಿದ ಟಾರ್ಚು ಅಕ್ಷರಗಳನ್ನು ಎಬ್ಬಿಸುತ್ತದೆ. ಟಾರ್ಚನ್ನು ಒಂದೇ ಕಡೆಯಿಂದ ಹಿಡಿದರೆ ಸಾಲದು. ಬೆಳಕಿನ ದಿಕ್ಕಿಗೆ ಸಮಾನಾಂತರವಾದ ಗೀಟು ನೆರಳು ಕೊಡುವುದಿಲ್ಲ, ಮಾಯವಾಗುತ್ತದೆ. ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬೆಳಕು ಹಾಯಿಸಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರಿನ ಶಾಸನಗಳನ್ನು ತ್ರಿ-ಆಯಾಮದ ಸ್ಕ್ಯಾನರಿನಲ್ಲಿ ದಾಖಲಿಸುತ್ತಿದ್ದಾರೆ. ಹೀಗೆ ಸ್ಕ್ಯಾನ್ ಮಾಡಿಟ್ಟ ಕಲ್ಲಿಗೆ ಕಂಪ್ಯೂಟರಿನಲ್ಲೇ ಬೇಕಾದ ಕೋನದಿಂದ ಬೆಳಕು ಬಿಡಬಹುದು.

ನೆರಳನ್ನು ಮರೆಯಲು ಕಲಿಯಬೇಕು

ಎಂಐಟಿಯ ಪವನ್ ಸಿನ್ಹಾ ಭಾರತದಲ್ಲಿ ನಡೆಸುತ್ತ ಬಂದಿರುವ ‘ಪ್ರಾಜೆಕ್ಟ್ ಪ್ರಕಾಶ್’, ಹುಟ್ಟಿನಿಂದ ಕಾಣದವರಿಗೆ ತಡವಾಗಿ ಚಿಕಿತ್ಸೆ ಕೊಡಿಸಿ, ಅವರು ನೋಡಲು ಕಲಿಯುವ ಬಗೆಯನ್ನೂ ಅಧ್ಯಯನ ಮಾಡುತ್ತದೆ. 2009ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಒಂದು ಸಂಗತಿ ಕುತೂಹಲದ್ದು. ಹೊಸದಾಗಿ ಕಣ್ಣು ಬಂದವರಿಗೆ ಚೆಂಡು ಮತ್ತು ಅದರ ನೆರಳು ಇರುವ ಚಿತ್ರ ತೋರಿಸಿ, ಇಲ್ಲಿ ಎಷ್ಟು ವಸ್ತುಗಳಿವೆ ಎಂದು ಕೇಳಿದರೆ, ಚೆಂಡಿನ ಬೆಳಗಿದ ಭಾಗ ಒಂದು, ಮಬ್ಬು ಭಾಗ ಒಂದು, ನೆಲದ ನೆರಳು ಇನ್ನೊಂದು ಎಂಬಂತೆ ಬಿಡಿಬಿಡಿಯಾಗಿ ಎಣಿಸುತ್ತಿದ್ದರು. ವಸ್ತು ಚಲಿಸಿದರೆ ತುಂಡುಗಳು ಒಂದಾಗುತ್ತಿದ್ದವು. ಕೆಲವು ತಿಂಗಳ ಅನುಭವದ ನಂತರ ನಿಂತ ಚಿತ್ರವನ್ನೂ ಸರಿಯಾಗಿ ಓದತೊಡಗಿದರು.

ಅಂದರೆ ನೆರಳು ವಸ್ತುವಲ್ಲ, ಅದನ್ನು ಲೆಕ್ಕಕ್ಕಿಡಬೇಕಿಲ್ಲ ಎಂಬುದು ಅನುಭವದಿಂದ ಕೈಗೂಡುವ ವಿದ್ಯೆ. ನುರಿತ ಕಣ್ಣು ನೆರಳಿನಿಂದ ಬೇಕಾದಷ್ಟು ಹೀರಿಕೊಳ್ಳುತ್ತದೆ: ವಸ್ತು ನೆಲಕ್ಕೆ ತಾಗಿದೆಯೇ, ತೇಲುತ್ತಿದೆಯೇ, ಉಬ್ಬಿದೆಯೇ, ತಗ್ಗಾಗಿದೆಯೇ. ಆಮೇಲೆ ಸಿಪ್ಪೆ ಎಸೆದ ಹಾಗೆ ಎಸೆದುಬಿಡುತ್ತದೆ. ಎಸೆದದ್ದರಲ್ಲಿ ತಪ್ಪು ಹುಡುಕು ಎಂದರೆ ಅದಕ್ಕೆ ಸಿಗುವುದಾದರೂ ಹೇಗೆ?

ಅದೇ ಸಿನ್ಹಾ, ಯೂರಿ ಆಸ್ಟ್ರೋವ್‌ಸ್ಕಿ ಮತ್ತು ಪ್ಯಾಟ್ರಿಕ್ ಕ್ಯಾವನಾ 2005ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದ್ದರು. ಒಂದೇ ಥರದ ಹಲವು ಘನಗಳು. ಎಲ್ಲಕ್ಕೂ ಒಂದು ಕಡೆಯಿಂದ ಬೆಳಕು, ಒಂದಕ್ಕೆ ಮಾತ್ರ ಬೇರೆ ಕಡೆಯಿಂದ. ಘನಗಳನ್ನೆಲ್ಲ ಒಂದೇ ಭಂಗಿಯಲ್ಲಿಟ್ಟರೆ ಆ ಒಂದು ಘನ ಥಟ್ಟನೆ ಸಿಗುತ್ತದೆ, ಏಕೆಂದರೆ ಅದರ ಕಪ್ಪು-ಬಿಳಿ ವಿನ್ಯಾಸವೇ ಉಳಿದವುಗಳಿಗಿಂತ ಬೇರೆ. ಘನಗಳನ್ನು ಹೇಗೆಂದರೆ ಹಾಗೆ ತಿರುಗಿಸಿಟ್ಟಾಗ ನೋಡುಗರು ತಡವರಿಸಿದರು. ಬೇರೆ ಬೇರೆ ಕಡೆಯಿಂದ ಬೆಳಕು ಬಿದ್ದಂತೆ ತಿದ್ದಿದ ಫೋಟೊಗಳಲ್ಲೂ ಅದೇ ಕಥೆ.

ಚಿತ್ರಕಾರರಿಗೆ ಇದು ಹಳೆಯ ಗುಟ್ಟು. ಯುರೋಪಿನ ಎಷ್ಟೋ ಹಳೆಯ ಚಿತ್ರಗಳಲ್ಲಿ ಒಬ್ಬನ ನೆರಳು ಎಡಕ್ಕೆ, ಪಕ್ಕದವನ ನೆರಳು ಬಲಕ್ಕೆ, ನೋಡುವವರು ಹುಬ್ಬೇರಿಸುವುದಿಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ: ನೆಲದ ಮೇಲೆ ಬಿದ್ದ ನೆರಳಿನ ಗೋಜಿಗೇ ಹೋಗುವುದಿಲ್ಲ. ಯಾರಿಗೂ ಕೊರತೆ ಅನ್ನಿಸಿಲ್ಲ. ಕ್ಯಾವನಾ ಇದನ್ನು ತಿರುಗಿಸಿ ಹೇಳಿದರು: ಕಲಾವಿದರು ಭೌತಶಾಸ್ತ್ರದ ಯಾವ ನಿಯಮ ಮುರಿದೂ ಸಿಕ್ಕಿಬೀಳಲಿಲ್ಲವೋ, ಆ ನಿಯಮ ಮಿದುಳಿನಲ್ಲಿ ಇಲ್ಲವೆಂದೇ ಲೆಕ್ಕ. ಈಗ ಆ ಕಲಾವಿದರ ಜಾಗಕ್ಕೆ ಎಐ ಬಂದಿದೆ.

ರೇಷ್ಮೆ ಹೇಗೆ ರೇಷ್ಮೆಯಾಗುತ್ತದೆ

ಬೆಳಕು, ಆಕಾರ ಆಯಿತು; ಉಳಿದದ್ದು ವಸ್ತು. ಆನ್‌ಲೈನ್ ಸೀರೆ ಅಂಗಡಿಯಲ್ಲಿ ಎಐ ಮಾಡೆಲ್ ಉಟ್ಟ ಸೀರೆ ನೋಡಿ ‘ಇದು ಅಪ್ಪಟ ರೇಷ್ಮೆ’ ಎಂದು ಕಣ್ಣು ತೀರ್ಪು ಕೊಡುವುದು ಯಾವುದರ ಮೇಲೆ? ವಸ್ತು ಬಟ್ಟೆಯೋ ಲೋಹವೋ ಮರವೋ ಎಂಬುದನ್ನು 40 ಮಿಲಿಸೆಕೆಂಡು ಮಾತ್ರ ತೋರಿಸಿದ ಫೋಟೊದಲ್ಲೂ ಜನ ಚೆನ್ನಾಗಿಯೇ ಗುರುತಿಸುತ್ತಾರೆ ಎಂದು ಆಡೆಲ್ಸನ್ ಜೊತೆ ಕೆಲಸ ಮಾಡಿದ ಲಾವಣ್ಯ ಶರಣ್ ತೋರಿಸಿದ್ದಾರೆ. ಅಷ್ಟು ಹೊತ್ತಿನಲ್ಲಿ ಭೌತಶಾಸ್ತ್ರದ ಲೆಕ್ಕ ಮಾಡಲು ಪುರಸೊತ್ತಿಲ್ಲ. ಏನೋ ಸುಲಭದ ಗುರುತು ಇರಲೇಬೇಕು.

ಯಾವ ಗುರುತು ಎಂಬುದರಲ್ಲಿ ಜಗಳವಿದೆ. 2007ರಲ್ಲಿ ಮೊಟೊಯೊಶಿ, ನಿಶಿದಾ, ಶರಣ್ ಮತ್ತು ಆಡೆಲ್ಸನ್ ಮಂಡಿಸಿದ್ದು ಅಂಕಿಅಂಶದ ವಾದ: ಹೊಳೆಯುವ ಮೇಲ್ಮೈಯಲ್ಲಿ ಹೆಚ್ಚಿನ ಚುಕ್ಕೆಗಳು ಮಬ್ಬು, ಕೆಲವೇ ಕೆಲವು ಅತಿ ಪ್ರಕಾಶ, ಈ ಓರೆ ಹಂಚಿಕೆಯನ್ನೇ ಮಿದುಳು ಹೊಳಪೆಂದು ಓದುತ್ತದೆ. ಎರಡು ವರ್ಷಕ್ಕೆ ಬಾರ್ಟ್ ಆಂಡರ್ಸನ್ ಮತ್ತು ಜುನೊ ಕಿಮ್ ಅದನ್ನು ಅಲ್ಲಗಳೆದರು. ಚುಕ್ಕೆಗಳ ಹಂಚಿಕೆಯನ್ನು ಹಾಗೆಯೇ ಉಳಿಸಿಕೊಂಡು, ಹೊಳಪಿನ ಕಲೆಗಳನ್ನು ಮಾತ್ರ ಉಬ್ಬುಗಳಿಂದ ಸ್ವಲ್ಪ ಸರಿಸಿದರೆ ಮೇಲ್ಮೈ ಹೊಳೆಯುವುದನ್ನೇ ಬಿಡುತ್ತದೆ. ಸುಣ್ಣ ಸಿಡಿದ ಹಾಗೆ ಕಾಣುತ್ತದೆ. ನನ್ನ ಪ್ರಕಾರ ಆಂಡರ್ಸನ್ ಕಡೆಯ ವಾದವೇ ಗಟ್ಟಿ. ಹೊಳಪು ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದು ಮುಖ್ಯ.

ರೇಷ್ಮೆಯಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಸಾಲಾಗಿ ಮಲಗಿದ ನುಣುಪು ದಾರಗಳ ಮೇಲೆ ಬೆಳಕು ದಾರದ ದಿಕ್ಕಿಗೆ ಅಡ್ಡಲಾಗಿ ಪಟ್ಟಿಯಂತೆ ಹರಡುತ್ತದೆ. ಎಣ್ಣೆ ಹಚ್ಚಿ ಬಾಚಿದ ತಲೆಯ ಮೇಲೆ ಅಡ್ಡಕ್ಕೆ ಬಳೆಯಂತೆ ಮಿನುಗುವುದೂ ಇದೇ ಕಾರಣಕ್ಕೆ. ನೆರಿಗೆ ತಿರುಗಿದ ಕಡೆ ದಾರದ ದಿಕ್ಕು ತಿರುಗುತ್ತದೆ, ಪಟ್ಟಿಯೂ ತಿರುಗಬೇಕು. ಎಐ ಚಿತ್ರದಲ್ಲಿ ಪಟ್ಟಿ ನೆರಿಗೆಯ ಏಣಿನ ಮೇಲೆಯೇ ಕೂತಿದ್ದರೆ ಕಣ್ಣು ತೃಪ್ತ. ಆ ಪಟ್ಟಿಯನ್ನು ಉಂಟುಮಾಡುವ ದೀಪ ಮಾಡೆಲ್‌ನ ಎಡಕ್ಕಿದ್ದು, ಮೂಗಿನ ನೆರಳು ಮಾತ್ರ ಬಲದ ದೀಪದ್ದಾಗಿದ್ದರೆ? ಆ ತಾಳೆಯನ್ನು ಕಣ್ಣು ನೋಡುವುದಿಲ್ಲ. ಹತ್ತಿರದ ಹೊಂದಾಣಿಕೆ ಅದಕ್ಕೆ ಸಾಕು, ಇಡೀ ಚಿತ್ರದ್ದು ಬೇಕಿಲ್ಲ.

ಎಐ ಕೂಡ ಹೀಗೇ ಕಲಿಯುತ್ತದೆ ಎಂಬ ಸೂಚನೆಗಳಿವೆ. ಕ್ಯಾಥರೀನ್ ಸ್ಟೋರ್ಸ್, ಆಂಡರ್ಸನ್ ಮತ್ತು ಜರ್ಮನಿಯ ಗೀಸನ್ ವಿಶ್ವವಿದ್ಯಾಲಯದ ರೋಲಂಡ್ ಫ್ಲೆಮಿಂಗ್ 2021ರಲ್ಲಿ ಒಂದು ನರಜಾಲಕ್ಕೆ (ಉದಾಹರಣೆ ನೋಡಿ ಕಲಿಯುವ ಎಐ ತಂತ್ರಾಂಶ) ಉಬ್ಬುತಗ್ಗಿನ ಮೇಲ್ಮೈಗಳ 10,000 ಚಿತ್ರ ಉಣಿಸಿದರು. ಹೊಳಪು ಎಂದರೇನೆಂದು ಹೇಳಿಕೊಡಲಿಲ್ಲ. ಚಿತ್ರವನ್ನು ಸಂಕ್ಷೇಪಿಸಿ ಮತ್ತೆ ಬಿಡಿಸುವುದಷ್ಟೇ ಕೆಲಸ. ಅದು ತಾನಾಗಿ ಹೊಳೆಯುವುದನ್ನೂ ಹೊಳೆಯದ್ದನ್ನೂ ಬೇರ್ಪಡಿಸಿತು. ಅಷ್ಟೇ ಅಲ್ಲ, ಮನುಷ್ಯರು ಹೊಳಪನ್ನು ತಪ್ಪಾಗಿ ಅಂದಾಜು ಮಾಡುವ ಚಿತ್ರಗಳಲ್ಲಿ ಅದೂ ಅದೇ ರೀತಿ ತಪ್ಪಿತು. ಬರೆಯುವವನದ್ದೂ ನೋಡುವವನದ್ದೂ ದೌರ್ಬಲ್ಯ ಒಂದೇ ಆದರೆ ತಪ್ಪು ಇಬ್ಬರ ಕೈಯನ್ನೂ ದಾಟಿಹೋಗುತ್ತದೆ.

ಕಣ್ಣಿಗೆ ಆಗದ್ದು ಸ್ಕೇಲಿಗೆ ಆಗುತ್ತದೆ

ಹಾಗೆಂದು ನೆರಳು ನಿರುಪಯೋಗಿ ಅಲ್ಲ. ಬೆಳಕು ನೇರ ಗೆರೆಯಲ್ಲಿ ಹೋಗುತ್ತದೆ. ಆದ್ದರಿಂದ ವಸ್ತುವಿನ ಒಂದು ಬಿಂದು, ಅದರ ನೆರಳಿನ ಬಿಂದು, ದೀಪ ಮೂರೂ ಒಂದೇ ಗೆರೆಯಲ್ಲಿರಬೇಕು. ಫೋಟೊದಲ್ಲೂ ಆ ಗೆರೆ ನೇರವಾಗಿಯೇ ಉಳಿಯುತ್ತದೆ. ಡಿಜಿಟಲ್ ಫೋಟೊ ತಪಾಸಣೆಯ ತಜ್ಞ ಹ್ಯಾನಿ ಫರೀದ್ ಮತ್ತು ಸಂಗಡಿಗರು ಇದರ ಮೇಲೆಯೇ ನಕಲಿ ಪತ್ತೆಯ ವಿಧಾನ ಕಟ್ಟಿದ್ದಾರೆ.

ಮಾಡುವುದು ಹೀಗೆ. ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅಥವಾ ಗೆರೆ ಎಳೆಯಲು ಬರುವ ಯಾವುದಾದರೂ ತಂತ್ರಾಂಶದಲ್ಲಿ ಸುತ್ತ ಖಾಲಿ ಜಾಗ ಬಿಟ್ಟು ತೆರೆಯಿರಿ. ಯಾವ ಬಿಂದುವಿನ ನೆರಳು ಯಾವುದು ಎಂದು ಸಂಶಯವಿಲ್ಲದೆ ಹೇಳಬಹುದಾದ ಜೋಡಿ ಹುಡುಕಿ: ಕಂಬದ ತುದಿ ಮತ್ತು ನೆರಳಿನ ತುದಿ, ಮೇಜಿನ ಮೂಲೆ ಮತ್ತು ಅದರ ನೆರಳಿನ ಮೂಲೆ. ನೆರಳಿನಿಂದ ವಸ್ತುವಿನ ಕಡೆಗೆ ಗೆರೆ ಎಳೆದು ಫೋಟೊದ ಅಂಚು ದಾಟಿಸಿ. ಕನಿಷ್ಠ ಮೂರು ಜೋಡಿ ಬೇಕು. ಎರಡು ಗೆರೆ ಹೇಗೂ ಎಲ್ಲಾದರೂ ಸಂಧಿಸುತ್ತವೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ದೀಪ ಒಂದೇ ಆಗಿದ್ದರೆ ಎಲ್ಲ ಗೆರೆಗಳೂ ಒಂದೇ ಬಿಂದುವಿನಲ್ಲಿ ಸೇರಬೇಕು. ಸೂರ್ಯ ಕ್ಯಾಮೆರಾದ ಹಿಂದಿದ್ದರೆ ಗೆರೆಗಳನ್ನು ಎದುರು ದಿಕ್ಕಿಗೆ ಉದ್ದ ಮಾಡಬೇಕು. ಅವು ಕ್ಯಾಮೆರಾದ ನೆರಳು ಬೀಳುವ ಜಾಗದಲ್ಲಿ ಸೇರುತ್ತವೆ. ಸೂರ್ಯ ಸರಿಯಾಗಿ ಪಕ್ಕದಲ್ಲಿದ್ದರೆ ಮಾತ್ರ ಗೆರೆಗಳು ಸಮಾನಾಂತರ.

ನೆಲ ಉಬ್ಬುತಗ್ಗಾಗಿದ್ದರೆ? ತೊಂದರೆಯಿಲ್ಲ. ಮೆಟ್ಟಿಲ ಮೇಲೆ ಮುರಿದುಬಿದ್ದ ನೆರಳು ಕಣ್ಣನ್ನು ಗಲಿಬಿಲಿ ಮಾಡುತ್ತದೆ, ಸ್ಕೇಲನ್ನಲ್ಲ. ನೆರಳು ಎಲ್ಲಿ ಬಿದ್ದರೂ ಕಿರಣ ನೇರವೇ. ಕೆಡುವುದು ಬೇರೆ ಕಡೆ. ಮೊದಲನೆಯದು ತಪ್ಪು ಜೋಡಿ: ಭುಜದ ನೆರಳನ್ನು ತಲೆಯ ನೆರಳೆಂದು ಹಿಡಿಯುವುದು. ಎರಡನೆಯದು ನೆರಳಿನ ಅಂಚಿನ ಮಬ್ಬು. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ವಸ್ತುವಿನಿಂದ ನೆರಳಿಗೆ ಇರುವ ಪ್ರತಿ ಮೀಟರ್ ದೂರಕ್ಕೆ ಅಂಚು ಸುಮಾರು 9 ಮಿಲಿಮೀಟರ್ ಹರಡುತ್ತದೆ. 10 ಮೀಟರ್ ದೂರದ ನೆರಳಿನ ತುದಿ 9 ಸೆಂಟಿಮೀಟರಿನಷ್ಟು ಮಬ್ಬು. ಅಂಥಲ್ಲಿ ಒಂದು ಗೆರೆಯ ಬದಲು ಇಷ್ಟರಿಂದ ಇಷ್ಟರೊಳಗೆ ಎಂಬ ಕೋನ ಎಳೆಯಬೇಕು. ಎಲ್ಲ ಕೋನಗಳಿಗೂ ಸಾಮಾನ್ಯವಾದ ಜಾಗ ಒಂದಾದರೂ ಉಳಿಯುತ್ತದೆಯೇ ನೋಡಬೇಕು. ಮೂರನೆಯದು ಫೋನಿನ ಅಲ್ಟ್ರಾವೈಡ್ ಲೆನ್ಸ್ ಮತ್ತು ಪನೋರಮಾ. ಇವು ನೇರ ಗೆರೆಯನ್ನೇ ಬಗ್ಗಿಸುತ್ತವೆ. ರಾತ್ರಿ ಮದುವೆ ಮಂಟಪದ ಫೋಟೊದಲ್ಲಿ ಹತ್ತು ದೀಪ, ಹತ್ತು ನೆರಳು. ಅಲ್ಲಿ ಈ ಪರೀಕ್ಷೆಗೆ ಕೈಹಾಕದಿರುವುದೇ ಮೇಲು.

ಕನ್ನಡಿಗೂ ಇಂಥದೇ ಪರೀಕ್ಷೆ ಇದೆ. ವಸ್ತುವಿನ ಬಿಂದು ಮತ್ತು ಸಮತಲ ಕನ್ನಡಿಯೊಳಗಿನ ಅದರ ಬಿಂಬ ಸೇರಿಸುವ ಗೆರೆಗಳೆಲ್ಲ ಒಂದೇ ಕಡೆ ಸಂಧಿಸಬೇಕು, ಇಲ್ಲವೇ ಸಮಾನಾಂತರ ಇರಬೇಕು. ಕನ್ನಡಿಯ ವಿಷಯದಲ್ಲಿ ಕಣ್ಣು ಎಷ್ಟು ಮುಗ್ಧ ಎಂದು ತಿಳಿಯಬೇಕಾದರೆ, ಸ್ನಾನವಾದ ಮೇಲೆ ಮಂಜು ಕೂತ ಕನ್ನಡಿಯ ಮೇಲೆ ನಿಮ್ಮ ಮುಖದ ಅಂಚನ್ನು ಬೆರಳಿನಿಂದ ಬರೆದು ಅಳೆಯಿರಿ. ಮುಖದ ಅರ್ಧದಷ್ಟೇ ಇರುತ್ತದೆ, ಎಷ್ಟು ಹಿಂದೆ ಸರಿದು ನಿಂತರೂ.

ಇಲ್ಲೊಂದು ಎಚ್ಚರಿಕೆ. ಗೆರೆಗಳು ಸೇರದಿದ್ದರೆ ಚಿತ್ರದಲ್ಲಿ ಏನೋ ಕೈವಾಡವಿದೆ ಎನ್ನಬಹುದು. ಸೇರಿದರೆ ಚಿತ್ರ ಅಸಲಿ ಎನ್ನಲಾಗದು.

ಅಸಲಿಗೇ ನಕಲಿ ಪಟ್ಟ

ಬರಿಗಣ್ಣಿನ ಸಲಹೆಯ ದೊಡ್ಡ ಅಪಾಯ ನಕಲಿಯನ್ನು ನಂಬುವುದಲ್ಲ. ಅಸಲಿಯನ್ನು ತಳ್ಳಿಹಾಕುವುದು.

ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಆರೋಪಿ ಲೀ ಹಾರ್ವೆ ಓಸ್ವಾಲ್ಡ್ ಹಿತ್ತಲಿನಲ್ಲಿ ಬಂದೂಕು ಹಿಡಿದು ನಿಂತ 1963ರ ಫೋಟೊ ಇದೆ. ಅದು ನಕಲಿ ಎಂದು ಓಸ್ವಾಲ್ಡ್ ತಾನೇ ಹೇಳಿದ್ದ; ದಶಕಗಳ ಕಾಲ ಅನೇಕರು ನಂಬಿದರು. ಕಾರಣ ನೆರಳು: ಮೂಗಿನ ನೆರಳು ನೇರ ಕೆಳಕ್ಕೆ, ಮೈಯ ನೆರಳು ಹಿಂದಕ್ಕೆ ಓರೆಯಾಗಿ. ಎರಡು ಸೂರ್ಯರೇ? 2009ರಲ್ಲಿ ಫರೀದ್ ತಲೆ, ಮೈ, ನೆಲದ ತ್ರಿ-ಆಯಾಮದ ಮಾದರಿ ಕಟ್ಟಿ ಒಂದೇ ಸೂರ್ಯನನ್ನು ಇಟ್ಟು ನೋಡಿದಾಗ ಎರಡೂ ನೆರಳು ಹಾಗೆಯೇ ಬಿದ್ದವು. ಅಪೋಲೊ ಗಗನಯಾತ್ರಿಗಳ ಫೋಟೊ ಸ್ಟುಡಿಯೊದಲ್ಲಿ ತೆಗೆದದ್ದು ಎನ್ನುವವರ ವಾದವೂ ಇಂಥದ್ದೇ: ನೆರಳುಗಳು ಸಮಾನಾಂತರ ಇಲ್ಲ. ರೈಲು ಹಳಿ ದೂರದಲ್ಲಿ ಕೂಡಿದಂತೆ ಕಾಣುವುದನ್ನು ಒಪ್ಪುವ ಕಣ್ಣು, ನೆರಳು ಹಾಗೆ ಮಾಡಿದರೆ ಒಪ್ಪುವುದಿಲ್ಲ. ಮೇಲಾಗಿ ಚಂದ್ರನ ನೆಲ ತಟ್ಟೆಯಂತೆ ಸಮವಲ್ಲ.

ಈಗಿನ ಪರಿಸ್ಥಿತಿಗೆ ಇದನ್ನು ಹೊಂದಿಸಿ ನೋಡಿ. ಲಂಚ ಪಡೆಯುವಾಗ ಸಿಕ್ಕಿಬಿದ್ದವನ ಅಸಲಿ ವಿಡಿಯೊ ಹೊರಬಂತು ಎಂದುಕೊಳ್ಳೋಣ. ‘ಅದು ಎಐ, ನೆರಳು ನೋಡಿ ಹೇಗಿದೆ’ ಎಂದರೆ ಸಾಕು. ಅರ್ಧ ಊರು ನೆರಳು ನೋಡುತ್ತದೆ, ಏನೋ ವಿಚಿತ್ರ ಕಂಡೇ ಕಾಣುತ್ತದೆ. ನಕಲಿಗಳು ಹೆಚ್ಚಿದಷ್ಟೂ ತಪ್ಪಿತಸ್ಥನಿಗೆ ಸಿಗುವ ಈ ಲಾಭವನ್ನು ಕಾನೂನು ಪಂಡಿತರು ‘ಸುಳ್ಳುಗಾರನ ಡಿವಿಡೆಂಡ್’ ಎನ್ನುತ್ತಾರೆ.

ತಜ್ಞರಲ್ಲಿ ಮೂರು ದಾರಿ

ಜನರಿಗೆ ತರಬೇತಿ ಕೊಡೋಣ ಎನ್ನುವವರಿದ್ದಾರೆ. ಸೋಫಿ ನೈಟಿಂಗೇಲ್ ಮತ್ತು ಫರೀದ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 315 ಜನರಿಗೆ ಅಸಲಿ ಮುಖಗಳನ್ನೂ ಎಐ ಮುಖಗಳನ್ನೂ ತೋರಿಸಿದಾಗ ಸರಿಯುತ್ತರ ಶೇ 48.2. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಇನ್ನೊಂದು ಗುಂಪಿಗೆ ಏನು ನೋಡಬೇಕೆಂದು ಹೇಳಿಕೊಟ್ಟು, ಪ್ರತಿ ಉತ್ತರಕ್ಕೂ ಸರಿ-ತಪ್ಪು ತಿಳಿಸಿದರು. ಶೇ 59ಕ್ಕೆ ಏರಿತು, ಅಲ್ಲಿಗೆ ನಿಂತಿತು. ಅವು 2022ಕ್ಕೂ ಮುಂಚಿನ ಎಐ ಮುಖಗಳು ಎಂಬುದನ್ನೂ ನೆನಪಿಡಬೇಕು.

ಎರಡನೆಯವರು ಯಂತ್ರಕ್ಕೇ ಜ್ಯಾಮಿತಿ ಕಲಿಸೋಣ ಎನ್ನುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರ ಎರಡು ಫಲಿತಾಂಶ ಒಟ್ಟಿಗೆ ಓದಬೇಕಾದವು. ಚಿತ್ರ ಬರೆಯುವ ಎಐ ಮಾದರಿಯ ಒಳಗೆ ಆಳ, ಮೇಲ್ಮೈಯ ವಾಲು, ವಸ್ತುವಿನ ಸ್ವಂತ ಬಣ್ಣ ಇವೆಲ್ಲ ಯಾರೂ ಕಲಿಸದೆ ಮೂಡಿರುತ್ತವೆ ಎಂದು 2023ರಲ್ಲಿ ಕಂಡರು. ಮರುವರ್ಷ ಪ್ರಕಟವಾದದ್ದರಲ್ಲಿ, ಇತರ ಪತ್ತೆ ತಂತ್ರಾಂಶಗಳನ್ನು ಯಾಮಾರಿಸಿದ ಎಐ ಚಿತ್ರಗಳು ಕೂಡ ನೆರಳು ಮತ್ತು ನೇರ ಗೆರೆಗಳ ಜ್ಯಾಮಿತಿಯಲ್ಲಿ ಸಿಕ್ಕಿಬಿದ್ದವು. ಎಐಗೆ ಬೆಳಕಿನ ಅಂದಾಜಿದೆ, ಲೆಕ್ಕವಿಲ್ಲ. ಹೆಚ್ಚುಕಡಿಮೆ ನಮ್ಮ ಹಾಗೆಯೇ. ಆದರೆ ಇದು ಖಾಯಂ ಕೊರತೆಯಲ್ಲ. ಪತ್ತೆ ಮಾಡುವ ಪರೀಕ್ಷೆಯನ್ನೇ ಎಐಗೆ ಪಾಠವಾಗಿ ಕೊಡಬಹುದು.

ಮೂರನೆಯವರದು ಚಿತ್ರದೊಳಗೆ ಹುಡುಕುವುದು ಬಿಟ್ಟು ಅದರ ಜಾತಕ ಕೇಳುವ ದಾರಿ. 2021ರಲ್ಲಿ ಅಡೋಬಿ, ಬಿಬಿಸಿ, ಮೈಕ್ರೋಸಾಫ್ಟ್ ಮುಂತಾದವರು ಸೇರಿ ಕಟ್ಟಿದ ಸಿ2ಪಿಎ ಒಕ್ಕೂಟದ ಮಾನದಂಡದಲ್ಲಿ, ಕ್ಯಾಮೆರಾ ಫೋಟೊ ತೆಗೆದ ಕ್ಷಣದಲ್ಲೇ ಡಿಜಿಟಲ್ ಸಹಿ ಹಾಕುತ್ತದೆ. ಆಮೇಲಿನ ತಿದ್ದುಪಡಿಗಳೂ ದಾಖಲಾಗುತ್ತವೆ. ನಮ್ಮ ಹೊಸ ನಿಯಮ ಫೈಲಿನೊಳಗೆ ಮಾಹಿತಿ ಬೇಕೆನ್ನುವಾಗ ಇದೇ ದಾರಿ ಹಿಡಿದಿದೆ. ದೃಷ್ಟಿಯ ಬಗ್ಗೆ ಗೊತ್ತಿರುವುದನ್ನೆಲ್ಲ ಎದುರಿಗಿಟ್ಟರೆ ಮೂರರಲ್ಲಿ ವಾಸಿಯಾದದ್ದು ಇದೇ. ಸ್ಕ್ರೀನ್‌ಶಾಟ್ ಹೊಡೆದರೆ ಜಾತಕ ಹರಿದುಹೋಗುತ್ತದೆ ಎಂಬುದು ಇದರ ಮೊದಲ ತೂತು. ಎರಡನೆಯದು ಇನ್ನೂ ಸೂಕ್ಷ್ಮ: ಗುರುತು ಇರುವುದೆಲ್ಲ ಎಐ ಎಂಬುದು ರೂಢಿಯಾದ ಮೇಲೆ, ಗುರುತು ಇಲ್ಲದ್ದೆಲ್ಲ ಅಸಲಿ ಎಂದು ಜನ ಅಂದುಕೊಳ್ಳುತ್ತಾರೆ. ನಿಯಮ ಪಾಲಿಸದವನಿಗೆ ಅದೇ ಬೇಕಾದದ್ದು.

ಕೋರ್ಟಿಗೆ, ಠಾಣೆಗೆ ಬಂದಾಗ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ, ಎಲೆಕ್ಟ್ರಾನಿಕ್ ದಾಖಲೆಯ ಜೊತೆಗೆ ಕೊಡುವ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಒಂದು ಬಿಟ್ ಬದಲಾದರೂ ಇಡೀ ಸಂಖ್ಯೆ ಬದಲಾಗುತ್ತದೆ. ಆದರೆ ಅದು ಹೇಳುವುದು, ಪ್ರಮಾಣಪತ್ರ ಬರೆದ ಮೇಲೆ ಫೈಲು ಬದಲಾಗಿಲ್ಲ ಎಂದಷ್ಟೇ. ಅದಕ್ಕೂ ಮೊದಲು ಎಐ ಬರೆದ ಚಿತ್ರಕ್ಕೂ ಅಚ್ಚುಕಟ್ಟಾದ ಹ್ಯಾಶ್ ಬರುತ್ತದೆ. ಹಾಗಾಗಿ ವಿವಾದ ಎದ್ದಾಗ ಪ್ರಶ್ನೆ ಮತ್ತೆ ಮೂಲಕ್ಕೇ ಹೋಗುತ್ತದೆ: ಯಾವ ಸಾಧನ, ಯಾರ ಕೈಯಲ್ಲಿತ್ತು, ಮೊದಲ ಫೈಲು ಎಲ್ಲಿ?

ಆ ಮೊದಲ ಫೈಲು ಉಳಿದಿರುವುದು ಅಪರೂಪ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಕ್ಯಾಮೆರಾ ಬರೆದಿಟ್ಟ ಮಾಹಿತಿಯನ್ನು ಉದುರಿಸುತ್ತದೆ. ನೆರಳಿನ ತೆಳು ತುದಿಗಳೂ ಕಲಸಿಹೋಗಿ ಸ್ಕೇಲಿನ ಪರೀಕ್ಷೆಗೂ ಸಲ್ಲದಾಗುತ್ತದೆ. ಅದೇ ಫೋಟೊವನ್ನು ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿದರೆ ಫೈಲು ಇದ್ದ ಹಾಗೆಯೇ ಬರುತ್ತದೆ. ಅನುಮಾನದ ಫೋಟೊ ಬಂದಾಗ ಗುಂಪಿನಲ್ಲಿ ನೆರಳಿನ ಬಗ್ಗೆ ವಾದಕ್ಕಿಳಿಯುವ ಮೊದಲು, ಕಳಿಸಿದವರನ್ನು ಕೇಳಬೇಕಾದ್ದು ಇದನ್ನು: ಇದನ್ನು ತೆಗೆದವರು ಯಾರು, ಅವರ ಫೋನಿನಿಂದಲೇ ಡಾಕ್ಯುಮೆಂಟ್ ಆಗಿ ಕಳಿಸಲು ಸಾಧ್ಯವೇ?